ಹುಲಿಗಿ ದಂಡೆಯಲ್ಲಿ ಕ್ಷೇಮದ ಲೆಕ್ಕ: ತುಂಗಭದ್ರಾ ಯೋಜನೆಯ ಒಂದು ವಿಮರ್ಶಾತ್ಮಕ ಓದು

ಕನ್ನಡದಲ್ಲಿ ‘ವಸಾಹತು’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ವಿದ್ವತ್ತಿನ ಬರವಣಿಗೆಯಲ್ಲಿ ಅದು ಪರರಾಜ್ಯದ ಆಳ್ವಿಕೆಗೆ ಒಳಪಟ್ಟ ನಾಡನ್ನು ಸೂಚಿಸುತ್ತದೆ. ಸರ್ಕಾರಿ ಕಡತದಲ್ಲಿ ಅದೇ ಪದ ಕೆಲಸಕ್ಕಾಗಿ ಬಂದವರನ್ನು ನೆಲೆಗೊಳಿಸಿದ ಪ್ರದೇಶವನ್ನು ಹೇಳುತ್ತದೆ. ಜನರ ಬಾಯಲ್ಲಿ ಅದು ‘ಕಾಲನಿ’ ಆಗುತ್ತದೆ. ಡ್ಯಾಂ ಕಾಲನಿ, ಜನತಾ ಕಾಲನಿ, ಊರ ಹೊರಗಿನ ದಲಿತ ಕೇರಿಗೆ ಸರ್ಕಾರ ತೊಡಿಸಿದ ಹೊಸ ಹೆಸರಿನ ಕಾಲನಿ ಇವೆಲ್ಲ ಈ ಎರಡನೆಯ ಅರ್ಥದ ಕುಡಿಗಳು. ಎರಡೂ ಅರ್ಥಗಳು ಒಂದೇ ನೆಲದ ಮೇಲೆ ಕೂಡಿಕೊಂಡ ಉದಾಹರಣೆಗಳು ಕರ್ನಾಟಕದಲ್ಲಿ ಕೆಲವೇ ಇವೆ. ತುಂಗಭದ್ರೆಯ ಎಡದಂಡೆಯಲ್ಲಿ, ಮುನಿರಾಬಾದಿಗೆ ಅಂಟಿಕೊಂಡಿರುವ ಹುಲಿಗಿ ಅಂಥದೊಂದು ಸ್ಥಳ. ಆರೋಗ್ಯ, ದುಡಿಮೆ, ಕ್ಷೇಮ ಈ ಮೂರನ್ನು ಪ್ರಭುತ್ವವು ಯೋಜನೆಯ ಭಾಷೆಯಲ್ಲಿ ಹೇಗೆ ಕಲ್ಪಿಸಿತು, ಆ ಕಲ್ಪನೆಯೊಳಗೆ ಯಾರು ಬಂದರು, ಯಾರು ಉಳಿದುಹೋದರು ಎಂಬುದನ್ನು ಪರಿಶೀಲಿಸಲು ಈ ಸ್ಥಳ ತಕ್ಕುದಾಗಿದೆ.

ತುಂಗಭದ್ರಾ ಯೋಜನೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ಧಾಟಿಗಳಲ್ಲಿ ಸಾಗಿದೆ. ಒಂದು, ಇಂಜಿನಿಯರುಗಳ ಸಾಹಸದ ಕಥನ. ಇನ್ನೊಂದು, ರಾಜ್ಯ ರಾಜ್ಯಗಳ ನಡುವಣ ನೀರಿನ ಪಾಲಿನ ವಾದ. ಎರಡರಲ್ಲಿಯೂ ಅಳತೆಯ ಮಾನ ನೀರು ಮತ್ತು ಎಕರೆ. ಮನುಷ್ಯರು ಅಲ್ಲಿ ಬರುವುದು ಫಲಾನುಭವಿಗಳಾಗಿ, ಇಲ್ಲವೇ ಸಂತ್ರಸ್ತರಾಗಿ. ಈ ಎರಡು ಪದಗಳ ನಡುವೆ ಕಲ್ಲು ಒಡೆದವರು, ಗಾರೆ ಅರೆದವರು, ಗೇಣಿಗೆ ಉತ್ತವರು, ದೇವರ ಹೆಸರಿನಲ್ಲಿ ಬಿಡಲ್ಪಟ್ಟವರು ಎಲ್ಲಿ ನಿಲ್ಲುತ್ತಾರೆ ಎಂಬ ಪ್ರಶ್ನೆ ಕೇಳಲ್ಪಟ್ಟಿರುವುದು ಕಡಿಮೆ.

ಹುಲಿಗಿಯ ಮಟ್ಟಿಗೆ ನದಿ ಬಹುಕಾಲ ಗಡಿಯೂ ಆಗಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಲದಂಡೆಯ ಹೊಸಪೇಟೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು; ಎಡದಂಡೆಯ ಹುಲಿಗಿ, ಆನೆಗೊಂದಿ, ಗಂಗಾವತಿಗಳು ಹೈದರಾಬಾದಿನಲ್ಲಿ ಉಳಿದವು. ಕೊಪ್ಪಳ ಸೀಮೆ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ಅಂದರೆ ಹುಲಿಗಿಯ ಕಡೆಯ ರೈತ ಜಹಗೀರುದಾರನಿಗೆ, ಜಹಗೀರುದಾರ ನಿಜಾಮನಿಗೆ, ನಿಜಾಮ ಬ್ರಿಟಿಷ್ ಸಾರ್ವಭೌಮತ್ವಕ್ಕೆ ಅಧೀನ. ಆಡಳಿತದ ಭಾಷೆ ಉರ್ದು, ಇಂಜಿನಿಯರನ ಭಾಷೆ ಇಂಗ್ಲಿಷ್, ಊರಿನ ಭಾಷೆ ಕನ್ನಡ. ಯೋಜನೆಯ ಪಠ್ಯವನ್ನು ಅದು ಯಾರ ಬದುಕನ್ನು ಬದಲಿಸಲಿತ್ತೋ ಅವರೇ ಓದಲಾರದ ಸ್ಥಿತಿಯನ್ನು ಈ ಮೂರು ಭಾಷೆಗಳ ಸಾಲು ಸೂಚಿಸುತ್ತದೆ. ಈ ದಂಡೆಗೆ ನೀರಾವರಿ ಹೊಸದೇನೂ ಆಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ವಿಜಯನಗರ ಕಾಲದ ಕಾಲುವೆಗಳಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಕಾಲುವೆಗಳು ಎಡದಂಡೆಯವೇ. ‘ಬರಡು ನೆಲಕ್ಕೆ ನೀರು’ ಎಂಬ ಯೋಜನಾ ಸಾಹಿತ್ಯದ ಪರಿಚಿತ ವಾಕ್ಯ ಹುಲಿಗಿಯಲ್ಲಿ ನಿಂತು ನೋಡಿದಾಗ ಅರೆಸತ್ಯ ಮಾತ್ರ.

ಈ ಭಾಗದಲ್ಲಿ ನದಿಗೆ ಕಟ್ಟೆ ಕಟ್ಟುವ ವಿಚಾರ 1860ರ ಸುಮಾರಿಗೆ ಆರ್ಥರ್ ಕಾಟನ್‌ನ ಸಲಹೆಯಿಂದ ಆರಂಭವಾಯಿತು. 1876–78ರ ಕ್ಷಾಮ ಬಳ್ಳಾರಿ ಮತ್ತು ರಾಯಚೂರು ಸೀಮೆಗಳನ್ನು ನುಚ್ಚುನೂರು ಮಾಡಿದ ಮೇಲೆ ಆ ವಿಚಾರಕ್ಕೆ ಕ್ಷಾಮನಿವಾರಣೆಯ ನೈತಿಕ ಬಲ ಒದಗಿತು. ಆದರೂ ಎರಡು ಸರ್ಕಾರಗಳ ನಡುವೆ ಒಪ್ಪಂದ ಕುದುರಲು 1944ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಯ ಆಮದು ನಿಂತಿತ್ತು, ಬಂಗಾಳದ ಕ್ಷಾಮ ಸಂಭವಿಸಿತ್ತು. 1945ರ ಫೆಬ್ರುವರಿ 28ರಂದು, ಯುದ್ಧ ಮುಗಿಯುವ ಮುನ್ನವೇ, ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಎಡ ಅರ್ಧವನ್ನು ಹೈದರಾಬಾದ್, ಬಲ ಅರ್ಧವನ್ನು ಮದ್ರಾಸ್ ಕಟ್ಟತಕ್ಕದ್ದೆಂದು ನಿರ್ಧಾರವಾಯಿತು. ಒಂದೇ ಕಟ್ಟೆಗೆ ಇಬ್ಬರು ಧಣಿಗಳು. ಈ ಸಂಗತಿಯನ್ನು ಇಂಜಿನಿಯರಿಂಗ್ ಇತಿಹಾಸ ವಿನ್ಯಾಸದ ಭಿನ್ನಾಭಿಪ್ರಾಯದ ದೃಷ್ಟಿಯಿಂದ ಮಾತ್ರ ಗಮನಿಸಿದೆ. ದುಡಿಯುವವನ ದೃಷ್ಟಿಯಿಂದ ಅದು ಎರಡು ಕಾನೂನುಗಳ ಪ್ರಶ್ನೆಯಾಗಿತ್ತು.

ಇಲ್ಲಿ ಒಂದು ತೌಲನಿಕ ಅಂಶವನ್ನು ಸ್ವಲ್ಪ ವಿವರವಾಗಿ ಗಮನಿಸಬೇಕಾಗಿದೆ. 1930ರ ದಶಕದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬಿನ ತೋಟದ ಮತ್ತು ಬಂದರಿನ ಕೂಲಿಗಾರರು ಸಾಲುಸಾಲಾಗಿ ದಂಗೆಯೆದ್ದರು. ಬ್ರಿಟನ್ ಮೊಯ್ನ್ ಆಯೋಗವನ್ನು ನೇಮಿಸಿತು. ಆಯೋಗದ ವರದಿ ಎಷ್ಟು ಕಟುವಾಗಿತ್ತೆಂದರೆ ಅದರ ಪೂರ್ಣಪಾಠವನ್ನು 1945ರವರೆಗೆ ಪ್ರಕಟಿಸಲಿಲ್ಲ. ಈ ಒತ್ತಡದ ಹಿನ್ನೆಲೆಯಲ್ಲಿ 1940ರಲ್ಲಿ ವಸಾಹತು ಅಭಿವೃದ್ಧಿ ಮತ್ತು ಕ್ಷೇಮ ಕಾಯಿದೆ ಬಂದಿತು. ಹತ್ತು ವರ್ಷಗಳ ಕಾಲ ವರ್ಷಕ್ಕೆ 50 ಲಕ್ಷ ಪೌಂಡುಗಳನ್ನು ಅದು ಗೊತ್ತುಪಡಿಸಿತು. 1945ರ ತಿದ್ದುಪಡಿ ಆ ಮೊತ್ತವನ್ನು ಹತ್ತು ವರ್ಷಗಳಿಗೆ 12 ಕೋಟಿ ಪೌಂಡುಗಳಿಗೆ ಏರಿಸಿತು. ಸಾಮ್ರಾಜ್ಯದ ವಿಸ್ತಾರಕ್ಕೆ ಹೋಲಿಸಿದರೆ ಇದು ಚಿಲ್ಲರೆ ಹಣ. ಯುದ್ಧಕಾಲದಲ್ಲಿ ಅದರಲ್ಲಿಯೂ ಖರ್ಚಾದದ್ದು ಅಲ್ಪ. ಆದರೆ ಆ ಕಾಯಿದೆಯಲ್ಲಿ ಹಣಕ್ಕಿಂತ ಮಹತ್ವದ ಒಂದು ಷರತ್ತು ಇತ್ತು. ಯಾವ ವಸಾಹತಿನಲ್ಲಿ ಕಾರ್ಮಿಕ ಸಂಘ ಕಟ್ಟಿಕೊಳ್ಳಲು ಕಾನೂನಿನ ಅವಕಾಶವಿಲ್ಲವೋ, ಕಾಮಗಾರಿಯಲ್ಲಿ ದುಡಿಯುವವರಿಗೆ ನ್ಯಾಯವಾದ ಕೂಲಿಯ ಭರವಸೆಯಿಲ್ಲವೋ, ಅಲ್ಲಿನ ಯೋಜನೆಗೆ ಹಣ ಕೊಡುವಂತಿಲ್ಲ ಎಂಬುದು ಅದರ ಸಾರ. ಕೂಲಿಗಾರರ ದಂಗೆಯೇ ಈ ಷರತ್ತನ್ನು ಬರೆಸಿತು ಎನ್ನಬೇಕು, ಸಾಮ್ರಾಜ್ಯದ ಕರುಣೆಯಲ್ಲ.

ಭಾರತ ಈ ಕಾಯಿದೆಯ ವ್ಯಾಪ್ತಿಯಲ್ಲಿ ಇರಲಿಲ್ಲ. ಲಂಡನ್ನಿನ ವಸಾಹತು ಕಚೇರಿಯ ದಾಖಲೆಗಳಲ್ಲಿ ಭಾರತವು ‘ವಸಾಹತು’ ಎಂಬ ವರ್ಗಕ್ಕೇ ಸೇರುತ್ತಿರಲಿಲ್ಲ. ಅದಕ್ಕೆ ಬೇರೆ ಕಚೇರಿ, ಬೇರೆ ಮಂತ್ರಿ. ನಿಜಾಮನ ರಾಜ್ಯವಂತೂ ಬ್ರಿಟಿಷ್ ಇಂಡಿಯಾದ ಕಾನೂನಿನಿಂದಲೂ ಹೊರಗಿತ್ತು. ಹೀಗಾಗಿ ಜಮೈಕಾದ ರಸ್ತೆ ಕೂಲಿಗಾರನಿಗೆ ಕಾಗದದ ಮೇಲಾದರೂ ದೊರೆತ ರಕ್ಷಣೆ, ಅದೇ ಚಕ್ರಾಧಿಪತ್ಯದ ನೆರಳಲ್ಲಿದ್ದ ಮುನಿರಾಬಾದಿನ ಕಲ್ಲುಕುಟಿಗನಿಗೆ ಕಾಗದದ ಮೇಲೂ ದೊರೆಯಲಿಲ್ಲ. ವಸಾಹತೋತ್ತರ ಚಿಂತನೆಯಲ್ಲಿ ‘ವಸಾಹತು ಪ್ರಭುತ್ವ’ವನ್ನು ಒಂದೇ ಅಚ್ಚಿನ ವಸ್ತುವೆಂಬಂತೆ ಬಳಸುವ ರೂಢಿಯಿದೆ. ಹುಲಿಗಿಯ ನಿದರ್ಶನ ಆ ರೂಢಿಗೆ ತೊಡಕು ತರುತ್ತದೆ. ಅಧೀನತೆಗೆ ಪದರಗಳಿದ್ದಂತೆ ಕ್ಷೇಮಕ್ಕೂ ಪದರಗಳಿದ್ದವು. ತಳದ ಪದರಕ್ಕೆ ಕ್ಷೇಮವೆಂಬುದು ಶಬ್ದವಾಗಿಯೂ ಇಳಿಯಲಿಲ್ಲ.

ದೆಹಲಿಯಲ್ಲಿ ಆ ಹೊತ್ತಿಗೆ ಬೇರೆಯೇ ಒಂದು ಸಾಧ್ಯತೆ ರೂಪುಗೊಳ್ಳುತ್ತಿತ್ತು. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಿ.ಆರ್. ಅಂಬೇಡ್ಕರ್ ಅವರ ಇಲಾಖೆಗೆ ಕಾರ್ಮಿಕರ ವಿಷಯದ ಜೊತೆಗೆ ನೀರಾವರಿ ಮತ್ತು ವಿದ್ಯುತ್ತಿನ ವಿಷಯವೂ ಸೇರಿತ್ತು. ದಾಮೋದರ ಮತ್ತು ಮಹಾನದಿ ಕಣಿವೆಗಳ ಯೋಜನೆಗಳು ಚರ್ಚೆಗೆ ಬಂದದ್ದು ಆ ಇಲಾಖೆಯಲ್ಲಿ. ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಲು ರೇಗೆ ಸಮಿತಿ 1944ರಲ್ಲಿ ನೇಮಕವಾದದ್ದೂ ಅದೇ ಅವಧಿಯಲ್ಲಿ. ಅಣೆಕಟ್ಟು ಮತ್ತು ಅದನ್ನು ಕಟ್ಟುವ ಕೈ ಒಂದೇ ಮೇಜಿನ ಮೇಲೆ ಬಂದ ಅಪರೂಪದ ಕಾಲವದು. ಆದರೆ 1935ರ ಕಾಯಿದೆಯಂತೆ ನೀರಾವರಿ ಪ್ರಾಂತಗಳಿಗೆ ಸೇರಿದ ವಿಷಯ. ತುಂಗಭದ್ರೆ ಒಂದು ಪ್ರಾಂತಕ್ಕೂ ಒಂದು ಸಂಸ್ಥಾನಕ್ಕೂ ನಡುವಣ ಒಪ್ಪಂದದ ಕೂಸು. ಆ ಮೇಜಿಗೆ ಅದು ಬರಲಿಲ್ಲ.

ಆರೋಗ್ಯದ ಮಾತೂ ಹೀಗೆಯೇ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ನೀಡಿದ ಭೋರ್ ಸಮಿತಿ ಭಾರತದ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಮೈಲಿಗಲ್ಲು. 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಅದರ ಅಲ್ಪಾವಧಿ ಸಲಹೆಯೇ ಮುಂದಿನ ಗ್ರಾಮೀಣ ವೈದ್ಯ ವ್ಯವಸ್ಥೆಗೆ ಬೀಜ. ಹಣ ಕೊಡಲಾರದವನೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಆದರೆ ಅದು ಸಮೀಕ್ಷಿಸಿದ್ದು ಬ್ರಿಟಿಷ್ ಇಂಡಿಯಾವನ್ನು. ಹೊಸಪೇಟೆ ಅದರೊಳಗೆ, ಹುಲಿಗಿ ಅದರ ಹೊರಗೆ. ಅನಾಫಿಲಿಸ್ ಸೊಳ್ಳೆಗೆ ಮಾತ್ರ ಈ ಗಡಿ ತಿಳಿಯದು. ಸಂಸ್ಥಾನವೆಂದ ಮಾತ್ರಕ್ಕೆ ಆರೋಗ್ಯದ ಯೋಚನೆ ಅಸಾಧ್ಯವಾಗಿತ್ತೆಂದು ಹೇಳುವಂತಿಲ್ಲ. ಮೈಸೂರು ಸಂಸ್ಥಾನ ಇರ್ವಿನ್ ನಾಲೆಯ ಕಾಲದಲ್ಲಿ, 1920ರ ದಶಕದ ಕೊನೆಯಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕವನ್ನು ತೆರೆದಿತ್ತು. ನಾಲೆಯ ನೀರಿಗೂ ಮಲೇರಿಯಾಕ್ಕೂ ಇರುವ ನಂಟು ಅಲ್ಲಿ ಅಧ್ಯಯನದ ವಿಷಯವಾಗಿತ್ತು. ತುಂಗಭದ್ರೆಯ ಕಡೆಯಲ್ಲಿ ಮುಂಗಡ ಅಧ್ಯಯನಕ್ಕೆ ಹೆಸರಾದದ್ದು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ. 1937ರಲ್ಲಿ ಮದ್ರಾಸ್ ಸರ್ಕಾರ ಅದನ್ನು ಸ್ಥಾಪಿಸಿದ್ದು ಕಪ್ಪು ಮಣ್ಣು ನೀರಾವರಿಯನ್ನು ಹೇಗೆ ತಾಳಿಕೊಳ್ಳುತ್ತದೆಂದು ತಿಳಿಯಲು. ನೀರು ಹರಿಯುವ ಹದಿನಾರು ವರ್ಷ ಮೊದಲೇ ಮಣ್ಣಿನ ತಾಳಿಕೆಯನ್ನು ಪರೀಕ್ಷಿಸಿದ ದೂರದೃಷ್ಟಿ ಮೆಚ್ಚತಕ್ಕದ್ದೇ.

ತುಂಗಭದ್ರಾ ಅಣೆಕಟ್ಟು ಸಿಮೆಂಟಿನದಲ್ಲ. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕಲ್ಲುಕಟ್ಟಡ. ಉದ್ದ 2,441 ಮೀಟರ್, ಎತ್ತರ 49 ಮೀಟರಿಗೂ ಹೆಚ್ಚು. ಈ ತಾಂತ್ರಿಕ ವಿವರವನ್ನು ಅಭಿಮಾನದಿಂದ ಉಲ್ಲೇಖಿಸುವವರು ಅದರ ಅರ್ಥವನ್ನು ಪೂರ್ತಿ ಬಿಡಿಸಿ ಹೇಳುವುದಿಲ್ಲ. ಕಲ್ಲುಗಣಿಯಲ್ಲಿ ಬಂಡೆ ಸೀಳುವುದು, ಹದ ಮಾಡುವುದು, ಹೊರುವುದು, ಇಟ್ಟಿಗೆ ಕುಟ್ಟಿ ಸುರ್ಕಿ ಮಾಡುವುದು, ಸುಣ್ಣ ಸುಡುವುದು, ಗಾರೆ ಅರೆಯುವುದು ಇವೆಲ್ಲ ಅಪಾರ ಮನುಷ್ಯಬಲ ಬೇಡುವ ಕೆಲಸಗಳು. ಕಲ್ಲಿನ ಧೂಳು, ಸುಣ್ಣದ ಸುಡು ಅಂಟಿಕೊಂಡೇ ಬರುವ ಕೆಲಸಗಳು. ಇಂಥ ದುಡಿಮೆ ಆ ಕಾಲದ ಕಾರ್ಖಾನೆ ಕಾನೂನುಗಳ ಅಂಗಳಕ್ಕೆ ಸೇರುತ್ತಿರಲಿಲ್ಲ. 1948ರ ಕನಿಷ್ಠ ಕೂಲಿ ಕಾಯಿದೆ ಕಟ್ಟಡದ ಕೆಲಸವನ್ನೂ ಕಲ್ಲು ಒಡೆಯುವ ಕೆಲಸವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಗುತ್ತಿಗೆ ಕಾರ್ಮಿಕರ ಕಾಯಿದೆ 1970ರಲ್ಲಿ, ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಲ್ಲಿ, ಕಟ್ಟಡ ಕಾರ್ಮಿಕರ ಕಾಯಿದೆ 1996ರಲ್ಲಿ ಬಂದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಇವುಗಳಲ್ಲಿ ಮೂರು ಇನ್ನೂ ಹುಟ್ಟಿರಲಿಲ್ಲ. ಯೋಜನೆಯ ವಸಾಹತಿನಲ್ಲಿ ದೊರೆಯುವ ಸೂರು, ಔಷಧ, ಕುಡಿಯುವ ನೀರು ಕೆಲಸದ ಸ್ಥಳಕ್ಕೆ ಕಟ್ಟಿದ ಸೌಲಭ್ಯಗಳೇ ಹೊರತು ಕೆಲಸಗಾರನಿಗೆ ಸಂದ ಹಕ್ಕುಗಳಲ್ಲ. ಕೆಲಸ ತೀರಿದಾಗ ಕ್ಷೇಮವೂ ತೀರುತ್ತದೆ. ಅಧಿಕಾರಿಗಳ ಕ್ವಾರ್ಟರ್ಸು ಉಳಿಯುತ್ತದೆ, ಗುಡಿಸಲು ಎದ್ದುಹೋಗುತ್ತದೆ. ದಕ್ಷಿಣ ಭಾರತದ ಕೆರೆ, ಕೋಟೆ, ಕಾಲುವೆಗಳ ಮಣ್ಣು ಕಲ್ಲಿನ ಕೆಲಸದಲ್ಲಿ ಪಳಗಿದ ವಡ್ಡರ ಸಮುದಾಯದ ಚರಿತ್ರೆ ಇಂಥ ಎದ್ದುಹೋದ ಗುಡಿಸಲುಗಳಿಂದಲೇ ಆಗಿದೆ ಎಂದರೆ ತಪ್ಪಾಗಲಾರದು.

ಜಲಾಶಯದ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿ 54,000ಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ಬಲದಂಡೆಯ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದು ಇವುಗಳಲ್ಲಿ ಹೆಚ್ಚು ಪರಿಚಿತವಾದ ಕಥೆ. ಪರಿಹಾರದ ತರ್ಕವೂ ಆಸ್ತಿಯ ತರ್ಕವೇ ಆಗಿತ್ತು. 1894ರ ಭೂಸ್ವಾಧೀನ ಕಾಯಿದೆ ಹಣ ಕೊಡುತ್ತಿದ್ದುದು ಭೂಮಿಯಲ್ಲಿ ಹಿತವನ್ನು ತೋರಿಸಬಲ್ಲವನಿಗೆ. ಹೊಲದಲ್ಲಿ ದಿನಗೂಲಿ ಮಾಡುವವಳಿಗೆ, ಊರಿನ ಚಾಕರಿಗೆ ಆಯ ಪಡೆಯುವವನಿಗೆ ಮುಳುಗಿದ್ದು ಊರು. ಕಾಯಿದೆಯ ಕಣ್ಣಿಗೆ ಅವರದು ಏನೂ ಮುಳುಗಲಿಲ್ಲ.

ನೀರು ಬಂದ ಮೇಲಿನ ಕಥೆ ಹಲವು ಅಧ್ಯಯನಗಳಿಗೆ ವಸ್ತುವಾಗಿರುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಯೋಜನೆಯ ಮೂಲ ಆಶಯ ರಕ್ಷಣಾತ್ಮಕ ನೀರಾವರಿ: ಹೆಚ್ಚು ನೆಲಕ್ಕೆ ತೆಳುವಾಗಿ ನೀರು ಹಂಚಿ ಜೋಳ, ಶೇಂಗಾ, ಹತ್ತಿಗಳನ್ನು ಬರದಿಂದ ಕಾಯುವುದು, ಭತ್ತಕ್ಕೆ ಸ್ವಲ್ಪ ಭಾಗ ಮಾತ್ರ. ಆದದ್ದು ಬೇರೆ. ಆಂಧ್ರದ ಕರಾವಳಿಯಿಂದ ಬಂದ ರೈತರು ಗಂಗಾವತಿ, ಸಿಂಧನೂರು ಸೀಮೆಗಳಲ್ಲಿ ಜಮೀನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿದರು. ಶ್ರೀರಾಮನಗರದಂಥ ಊರುಗಳು ಹೀಗೆ ಹುಟ್ಟಿದವು. ಇದು ಈ ನೆಲದ ಮೂರನೆಯ ವಸಾಹತು; ಸರ್ಕಾರ ಯೋಜಿಸದಿದ್ದರೂ ಸರ್ಕಾರದ ನೀರಿನ ಮೇಲೆ ನಿಂತದ್ದು. ಕಾಲುವೆಯ ಮೇಲ್ಭಾಗ ಭತ್ತದ ಕಣಜವಾಯಿತು, ಮಾನ್ವಿ, ರಾಯಚೂರಿನ ಕೊನೆಭಾಗದ ರೈತ ನೀರಿಗಾಗಿ ಕಾದ. ವಲಸೆ ಬಂದವರ ಶ್ರಮ ಮತ್ತು ಕೌಶಲವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕ್ಷಾಮಪೀಡಿತರ ಹೆಸರಿನಲ್ಲಿ ಮಂಜೂರಾದ ನೀರು ಬಂಡವಾಳ ಹೂಡಬಲ್ಲವರ ಗದ್ದೆಗೆ ಹರಿಯಿತೆಂಬುದು ನಿಜ. ಸವುಳು ಮತ್ತು ಜವುಳು ಆ ಭತ್ತದ ಬೆನ್ನಿಗೇ ಬಂದವು. ಕೆಸರುಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಜಪಾನೀಸ್ ಮಿದುಳು ಜ್ವರ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮಕ್ಕಳನ್ನು ಕಾಡಿತು. ಅದರ ಲಸಿಕೆಯ ವಿಶೇಷ ಅಭಿಯಾನ ಬಳ್ಳಾರಿ ಜಿಲ್ಲೆಯಲ್ಲಿ ನಡೆದದ್ದು 2006ರಲ್ಲಿ, ನೀರು ಹರಿದ ಐವತ್ಮೂರು ವರ್ಷಗಳ ಅನಂತರ. ಮಣ್ಣಿಗೆ ಹದಿನಾರು ವರ್ಷ ಮೊದಲು, ಮಗುವಿಗೆ ಐವತ್ಮೂರು ವರ್ಷ ತಡವಾಗಿ.

ಹುಲಿಗಿ ಎಂದೊಡನೆ ಜನಮನಕ್ಕೆ ಬರುವುದು ಅಣೆಕಟ್ಟಲ್ಲ, ಹುಲಿಗೆಮ್ಮ. ಹೊಸ ಕಾಲದ ದೇವಾಲಯಗಳೆಂದು ಅಣೆಕಟ್ಟುಗಳನ್ನು ನೆಹರೂ ಬಣ್ಣಿಸಿದ ರೂಪಕ ಬೇರೆಡೆಯಲ್ಲಿ ರೂಪಕವಾಗಿಯೇ ಉಳಿಯಬಹುದು. ಇಲ್ಲಿ ಹಳೆಯ ಗುಡಿ ಮತ್ತು ಹೊಸ ಕಟ್ಟೆ ನೆರೆಹೊರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಸೇರುವ ಜನಸಾಗರದಲ್ಲಿ ಹೆಚ್ಚಿನವರು ಯೋಜನೆಯ ನೀರು ಮುಟ್ಟಿದ ಹಾಗೂ ಮುಟ್ಟದ ಎರಡೂ ಬಗೆಯ ನೆಲಗಳ ದುಡಿಯುವ ಜನ. ಮುತ್ತು ಕಟ್ಟುವ, ದೇವದಾಸಿಯರನ್ನು ಬಿಡುವ ಪದ್ಧತಿಗೆ ಸವದತ್ತಿಯಂತೆ ಹುಲಿಗಿಯೂ ಹೆಸರಾಗಿತ್ತು. ಬಿಡಲ್ಪಟ್ಟವರು ಬಹುಪಾಲು ದಲಿತ ಹೆಣ್ಣುಮಕ್ಕಳು, ಭೂಮಿ ಇಲ್ಲದ ಮನೆಗಳವರು.

ಇಲ್ಲಿಯೂ ನದಿಯೇ ಕಾನೂನಿನ ಗೆರೆ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನುಗಳು ಬಂದವು. ಎರಡನೆಯದು ಹೊಸಪೇಟೆಗೆ ಅನ್ವಯಿಸಿತು. ಎರಡರಲ್ಲಿ ಯಾವುದೂ ಹೊಳೆಯಾಚೆಯ ಹುಲಿಗಿಗೆ ಅನ್ವಯಿಸಲಿಲ್ಲ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡೂ ದಂಡೆಗಳು ಒಂದೇ ಆಡಳಿತದ ಕೆಳಗೆ ಬಂದ ಮೇಲೂ ರಾಜ್ಯವ್ಯಾಪಿ ಕಾಯಿದೆಗೆ 1982ರವರೆಗೆ ಕಾಯಬೇಕಾಯಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಆ ಕಾಯಿದೆ ನಿಷೇಧದ ಕಾಯಿದೆ. ಪುನರ್ವಸತಿ ಅದರ ಹೊರಗೆ, ಯೋಜನೆಗಳ ರೂಪದಲ್ಲಿ ಬಂದಿತು: ಸಾಲ, ಸಹಾಯಧನ, ಮನೆ, ಮಾಸಾಶನ. ಯೋಜನೆ ಎಂದೊಡನೆ ಎಣಿಕೆ. 1993–94ರ ಸಮೀಕ್ಷೆ 22,873 ಮಹಿಳೆಯರನ್ನು, 2007–08ರ ಸಮೀಕ್ಷೆ ಇನ್ನೂ 23,787 ಮಹಿಳೆಯರನ್ನು ಗುರುತಿಸಿ ಒಟ್ಟು 46,660ಕ್ಕೆ ತಂದು ನಿಲ್ಲಿಸಿತು. ಮೊದಲ ಎಣಿಕೆಯಲ್ಲಿ ಕಂಡವರಿಗಿಂತ ಎರಡನೆಯದರಲ್ಲಿ ಕಂಡವರೇ ಹೆಚ್ಚು ಎಂಬ ಸಂಗತಿಯೇ ಮೊದಲ ಎಣಿಕೆಯ ವಿಮರ್ಶೆಯಾಗಿದೆ. ಎರಡನೆಯದರ ವಿಮರ್ಶೆಯನ್ನು ಪಟ್ಟಿಯಲ್ಲಿ ಹೆಸರಿಲ್ಲದ ಮಹಿಳೆಯರು ಅಂದಿನಿಂದ ಮರುಸಮೀಕ್ಷೆಯ ಬೇಡಿಕೆಯಾಗಿ ಮಂಡಿಸುತ್ತ ಬಂದರು. ಪಟ್ಟಿಯಲ್ಲಿ ಇಲ್ಲದವಳಿಗೆ ಮಾಸಾಶನವಿಲ್ಲ, ಮನೆಯಿಲ್ಲ. ಅಧಿಕಾರಶಾಹಿಯ ಪಠ್ಯದಲ್ಲಿ ಅವಳು ದೇವದಾಸಿಯೂ ಅಲ್ಲ, ಮಾಜಿಯೂ ಅಲ್ಲ.

ವ್ಯಾಖ್ಯೆಯ ಇನ್ನೊಂದು ಅಂಚನ್ನೂ ನೋಡಬೇಕು. 1982ರ ಕಾಯಿದೆ ದೇವದಾಸಿ ಎಂದರೆ ಹೀಗೆ ಅರ್ಪಿತಳಾದ ‘ಮಹಿಳೆ’ ಎಂದು ಹೇಳಿತು. ಗಂಡಾಗಿ ಹುಟ್ಟಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟ ಜೋಗತಿಯರು ಈ ವಾಕ್ಯದೊಳಗೆ ಹಿಡಿಯಲಿಲ್ಲ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡು 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ದೀಕ್ಷೆ ಪಡೆದದ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ. ನೆಲೆ ನಿಂತು ಕಲೆಯನ್ನು ಬೆಳೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಮುಳುಗಿದ ಊರಿನವರು ಕಟ್ಟಿದ ಊರು, ಕಾಯಿದೆಯ ವ್ಯಾಖ್ಯೆಯಿಂದ ಜಾರಿದ ಬದುಕಿಗೆ ಇಂಬು ಕೊಟ್ಟಿತು. ಸರ್ಕಾರದ ಯಾವ ಕ್ಷೇಮ ಯೋಜನೆಯೂ ಇದನ್ನು ಉದ್ದೇಶಿಸಿರಲಿಲ್ಲ. ಜೋಗತಿ ನೃತ್ಯ, ಎಲ್ಲಮ್ಮನ ಹಾಡು, ಚೌಡಿಕೆಯ ನಾದ ಆ ಇಂಬಿನಲ್ಲಿ ಉಳಿದವು. ಇಲ್ಲಿ ಉಳಿವನ್ನು ರಮ್ಯವಾಗಿಸುವ ಅಪಾಯವಿದೆ. ಜೋಗತಿಯರ ಪಾಲಿಗೆ ಕಲೆ ಎಂದರೆ ಭಿಕ್ಷೆಯೂ ಹೌದು, ಹಸಿವೂ ಹೌದು ಎಂಬುದನ್ನು ಸಂಶೋಧಕರು ಮರೆಯಬಾರದು.

2025ರಲ್ಲಿ ರಾಜ್ಯ ವಿಧಾನಮಂಡಲ ದೇವದಾಸಿ ಪದ್ಧತಿಯ ತಡೆ, ನಿಷೇಧ, ಪರಿಹಾರ ಹಾಗೂ ಪುನರ್ವಸತಿಗಾಗಿ ಹೊಸ ವಿಧೇಯಕವನ್ನು ಅಂಗೀಕರಿಸಿತು. 1982ರ ಕಾಯಿದೆಯ ಶೀರ್ಷಿಕೆಯಲ್ಲಿ ನಿಷೇಧ ಮಾತ್ರವಿದ್ದರೆ, ಇದರ ಶೀರ್ಷಿಕೆಯಲ್ಲಿಯೇ ಪರಿಹಾರ ಮತ್ತು ಪುನರ್ವಸತಿಗಳು ಸೇರಿವೆ. ತಂದೆಯ ಹೆಸರು ಹೇಳಬೇಕಾದ ಒತ್ತಾಯದಿಂದ ಮಕ್ಕಳನ್ನು ಬಿಡಿಸುವ ಆಶಯ ಅದರಲ್ಲಿದೆ. ಶಾಲೆಯ ದಾಖಲಾತಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಆ ಒಂದು ಖಾಲಿ ಜಾಗ ಈ ಮಕ್ಕಳನ್ನು ಎಷ್ಟು ದೂರ ಅಟ್ಟಿಸಿಕೊಂಡು ಬಂದಿದೆ ಎಂಬುದನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಈ ಅಂಶ ಹೇಗೆ ಜಾರಿಗೆ ಬರುತ್ತದೆ, ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ, ಹೆಸರು ಬಿಟ್ಟುಹೋದವಳು ಯಾರ ಬಾಗಿಲು ತಟ್ಟಬೇಕು ಎಂಬ ವಿವರಗಳು ತಾಲ್ಲೂಕು ಕಚೇರಿಯ ಕಡತಗಳಲ್ಲಿ ದಾಖಲಾಗಬೇಕಾಗಿವೆ. ಆ ಕಡತಗಳು ಕನ್ನಡದಲ್ಲಿಯೇ ಇರುತ್ತವೆ.